ಫಯೋಲನ ಗಣಿಯಲ್ಲಿ ಸಿಕ್ಕ ರೆಕ್ಕೆ

ಎಂಬಿಎ ಓದಿದವರಿಗೆಲ್ಲ ಹೆನ್ರಿ ಫಯೋಲ್ ಗೊತ್ತು. ಆತನ 14 ಸೂತ್ರಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರುದಿನವೇ ಮರೆತಿರ್ತೀವಿ. 1916ರಲ್ಲಿ ಆ ಸೂತ್ರಗಳು ಅಚ್ಚಾಗುವ ಎಷ್ಟೋ ವರ್ಷ ಮೊದಲು ಆತ ಫ್ರಾನ್ಸಿನ ಕೊಮಾಂತ್ರಿ ಊರಿನ ಕಲ್ಲಿದ್ದಲು ಗಣಿ ನೋಡಿಕೊಳ್ಳುತ್ತಿದ್ದ. ಅಲ್ಲಿ ಅಗೆಯುವಾಗ ಕಲ್ಲಿನ ಪದರಗಳ ನಡುವೆ ಎಲೆ, ಮೀನು, ಹುಳುಗಳ ಅಚ್ಚುಗಳು ಸಿಗ್ತಿದ್ವು. ಟನ್ನುಗಳಲ್ಲಿ ಲೆಕ್ಕ ಹಾಕುವ ಗಣಿಗೆ ಅವೆಲ್ಲ ಬರೀ ಕಸ. ಫಯೋಲ್ ಮಾತ್ರ ಅವನ್ನು ಜೋಪಾನವಾಗಿ ಎತ್ತಿಡಿಸಿದ. ಹುಳುಗಳು ಪ್ಯಾರಿಸ್ಸಿನ ಯುವ ವಿಜ್ಞಾನಿ ಶಾರ್ಲ್ ಬ್ರೋಂನ್ಯಾರ್ ಕೈಸೇರಿದವು.

1885ರಲ್ಲಿ ಬ್ರೋಂನ್ಯಾರ್ ಅದರಲ್ಲೊಂದನ್ನು 'ಮೆಗನ್ಯೂರಾ' ಅಂತ ಕರೆದ. ಅಂದರೆ ದೊಡ್ಡ ನರಗಳದ್ದು. ಸುಮಾರು 30 ಕೋಟಿ ವರ್ಷದ ಹಿಂದಿನ ಈ ಕೀಟ ನಮ್ಮ ಏರೋಪ್ಲೇನ್ ಚಿಟ್ಟೆಯ ದಾಯಾದಿ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಹತ್ತಿರಹತ್ತಿರ 70 ಸೆಂಟಿಮೀಟರ್!

ಇವತ್ತಿನ ಏರೋಪ್ಲೇನ್ ಚಿಟ್ಟೆಯ ರೆಕ್ಕೆಯನ್ನು ಸರಿಯಾಗಿ ನೋಡಿ. ತುದಿಯ ಹತ್ತಿರ ಬಣ್ಣದ ಸಣ್ಣ ಚುಕ್ಕಿ ಇರುತ್ತೆ. ಅದು ಅಲಂಕಾರವಲ್ಲ, ಪುಟ್ಟ ತೂಕ. ವೇಗವಾಗಿ ತೇಲುವಾಗ ರೆಕ್ಕೆ ಪಟಪಟ ಅದುರದಂತೆ ತಡೆಯುತ್ತೆ. ಮುಂದಿನ ಅಂಚಿನ ನಡುವೆ ಒಂದು ಗಂಟೂ ಇದೆ. ರೆಕ್ಕೆ ಮುರಿಯದೆ ಹದವಾಗಿ ತಿರುಚಿಕೊಳ್ಳಲು ಅದು ಬೇಕು. ಮೆಗನ್ಯೂರಾಗೆ ಇವೆರಡೂ ಇರಲಿಲ್ಲ. ಹಾಗಂತ ಅದನ್ನು ಅರೆಬೆಂದ ಮಾಡೆಲ್ ಅನ್ನೋ ಹಾಗಿಲ್ಲ. ನರಗಳ ದಟ್ಟ ಬಲೆಯಿದ್ದ ಅದೇ ರೆಕ್ಕೆಯಲ್ಲಿ ಅದರ ಬಳಗ ಕೋಟ್ಯಂತರ ವರ್ಷ ಬೇಟೆಯಾಡಿ ಬದುಕಿತು.

ಅಷ್ಟು ದೊಡ್ಡದಾಗಿ ಬೆಳೆದದ್ದು ಹೇಗೆ? ಆಗ ಗಾಳಿಯಲ್ಲಿ ಆಮ್ಲಜನಕ ಶೇ 30ರ ಆಸುಪಾಸು ಇತ್ತು ಎಂಬ ಅಂದಾಜಿದೆ. ಈಗ ಶೇ 21. ಕೀಟಗಳಿಗೆ ಶ್ವಾಸಕೋಶವಿಲ್ಲ, ಸಣ್ಣ ಕೊಳವೆಗಳಲ್ಲೇ ಗಾಳಿ ಒಳಗೆ ಹೋಗಬೇಕು. ಮೈ ದೊಡ್ಡದಾದಷ್ಟೂ ಅದು ಕಷ್ಟ. ಜೊತೆಗೆ, ಅಟ್ಟಿಸಿಕೊಂಡು ಬರಲು ಆಗ ಹಕ್ಕಿಗಳೂ ಇರಲಿಲ್ಲ, ಬಾವಲಿಗಳೂ ಇರಲಿಲ್ಲ. ಯಾವ ಕಾರಣದ ತೂಕ ಹೆಚ್ಚು ಅಂತ ವಿಜ್ಞಾನಿಗಳು ಇನ್ನೂ ವಾದಿಸ್ತಾನೇ ಇದ್ದಾರೆ.

ಬ್ರೋಂನ್ಯಾರ್ 1899ರಲ್ಲಿ, ನಲವತ್ತರ ಆಸುಪಾಸಿನಲ್ಲೇ ತೀರಿಕೊಂಡ. ಮೆಗನ್ಯೂರಾ ಹಾರಾಡಿದ ಕಾಡೇ ಕಲ್ಲಿದ್ದಲಾಗಿ ಬಾಯ್ಲರುಗಳ ಪಾಲಾಯಿತು. ರೆಕ್ಕೆ ಉಳಿದದ್ದು, ಟಾರ್ಗೆಟ್ಟಿನ ನಡುವೆಯೂ ಒಬ್ಬ ಮ್ಯಾನೇಜರ್ ಕಸದ ಕಡೆ ಕಣ್ಣು ಹಾಯಿಸಿದ್ದರಿಂದ. ಅದು ಆ 14 ಸೂತ್ರಗಳಲ್ಲಿ ಎಲ್ಲೂ ಇಲ್ಲ.