ಕೊನೆಗೆ ಬಂದವರದೇ ಮಾತು: ಗೇಮ್ ಮಾಡ್‌ಗಳ ತಿಕ್ಕಾಟದ ಚರಿತ್ರೆ

ಕಂಪ್ಯೂಟರ್ ಗೇಮ್‌ಗೆ ಆಟಗಾರರೇ ತಯಾರಿಸಿ ಸೇರಿಸುವ ಬದಲಾವಣೆಗೆ ಮಾಡ್ ಎನ್ನುತ್ತಾರೆ. ಒಬ್ಬರು ಆಟದೊಳಗಿನ ಊರಿನ ಗೋಡೆಗಳಿಗೆ ಹೊಸ ಚಿತ್ರ ಹಾಕುತ್ತಾರೆ, ಇನ್ನೊಬ್ಬರು ಕತ್ತಿಯ ಏಟಿಗೆ ಬಲ ತುಂಬುತ್ತಾರೆ, ಮತ್ತೊಬ್ಬರು ಹೊಸ ಕಥೆಯನ್ನೇ ಹೆಣೆಯುತ್ತಾರೆ. ಇವರು ಬೇರೆ ಬೇರೆ ದೇಶದವರು, ಬಹುಪಾಲು ಒಬ್ಬರನ್ನೊಬ್ಬರು ಕಂಡವರೂ ಅಲ್ಲ. ಇಂಥವರ ನೂರಾರು ಕೆಲಸಗಳನ್ನು ಒಂದೇ ಆಟದಲ್ಲಿ ಕೂಡಿಸಿದರೆ, ಎರಡು ಮಾಡ್‌ಗಳು ಒಂದೇ ವಸ್ತುವಿನ ಮೇಲೆ ಕೈಯಿಡುವುದು ತಪ್ಪಿದ್ದಲ್ಲ. ಆಗ ಯಾರ ಮಾತು ನಡೆಯಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಬೆಳೆದ ತಂತ್ರಾಂಶಗಳೇ ಮಾಡ್ ಮ್ಯಾನೇಜರ್‌ಗಳು. ತಿಕ್ಕಾಟವನ್ನು ಆಟಗಾರನ ಕಣ್ಣಿಗೆ ಬೀಳದಂತೆ ಬಗೆಹರಿಸುವುದೇ ಇವುಗಳ ಗುರಿ ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಇವುಗಳ ಚರಿತ್ರೆ ಬೇರೆಯದನ್ನೇ ಹೇಳುತ್ತದೆ: ತಿಕ್ಕಾಟವನ್ನು ಹೆಚ್ಚು ಸ್ಪಷ್ಟವಾಗಿ ತೋರಿಸಿ, ತೀರ್ಮಾನವನ್ನು ಮನುಷ್ಯನ ಕೈಗೆ ಕೊಟ್ಟಾಗಲೆಲ್ಲ ಈ ಕಸುಬು ಒಂದು ಹೆಜ್ಜೆ ಮುಂದೆ ಹೋಗಿದೆ.

ಈ ಚರಿತ್ರೆಯ ಬೀಜ 1993ರ ಡಿಸೆಂಬರಿನಲ್ಲಿ ಬಂದ ಡೂಮ್ ಆಟದಲ್ಲಿದೆ. ಇಡ್ ಸಾಫ್ಟ್‌ವೇರ್ ಸಂಸ್ಥೆ ಆಟದ ಎಂಜಿನ್ ಅನ್ನು ಒಂದು ಕಡೆ, ನಕ್ಷೆ, ಚಿತ್ರ, ಸದ್ದುಗಳನ್ನು ವಾಡ್ ಎಂಬ ಕಡತದಲ್ಲಿ ಇನ್ನೊಂದು ಕಡೆ ಇಟ್ಟಿತು. ಹೊರಗಿನವರು ಮೂಲ ವಾಡ್ ಅನ್ನು ಮುಟ್ಟದೆ ತಮ್ಮದೇ ವಾಡ್ ಬರೆದು ಜೊತೆಗೆ ಸೇರಿಸಬಹುದಿತ್ತು. ಎರಡರಲ್ಲೂ ಒಂದೇ ಹೆಸರಿನ ವಸ್ತುವಿದ್ದರೆ ಕೊನೆಯಲ್ಲಿ ತೆರೆದುಕೊಂಡದ್ದು ಗೆಲ್ಲುತ್ತಿತ್ತು. ಈ ಸರಳ ನಿಯಮವೇ ಮುಂದೆ ಬೆಥೆಸ್ಡಾ ಸಂಸ್ಥೆಯ ಆಟಗಳಲ್ಲಿ ದೊಡ್ಡದಾಗಿ ಬೆಳೆಯಿತು. 2002ರಲ್ಲಿ ಮಾರೋವಿಂಡ್ ಬಂದಾಗ, ಆ ಲೋಕವನ್ನು ಕಟ್ಟುವ ಕನ್‌ಸ್ಟ್ರಕ್ಷನ್ ಸೆಟ್ ಎಂಬ ಸಲಕರಣೆಯನ್ನೂ ಸಂಸ್ಥೆ ಆಟಗಾರರ ಕೈಗಿತ್ತಿತು. ಆಟದ ಪ್ರತಿಯೊಂದು ವಸ್ತುವಿಗೂ ಒಂದು ರೆಕಾರ್ಡ್. ಮಾಡ್ ಬರೆಯುವವರು ತಮಗೆ ಬೇಕಾದ ರೆಕಾರ್ಡ್‌ಗಳನ್ನು ಮಾತ್ರ ಬದಲಿಸಿ ಪ್ಲಗಿನ್ ಎಂಬ ಕಡತದಲ್ಲಿ ಉಳಿಸುತ್ತಿದ್ದರು.

ತೊಡಕು ಎಲ್ಲಿದೆ ಎಂಬುದನ್ನು ಒಂದು ಕಬ್ಬಿಣದ ಕತ್ತಿಯಲ್ಲೇ ನೋಡಬಹುದು. ಕತ್ತಿಯ ಹೆಸರು, ತೂಕ, ಬೆಲೆ, ಏಟಿನ ಬಲ ಎಲ್ಲವೂ ಒಂದೇ ರೆಕಾರ್ಡಿನಲ್ಲಿ ಇರುತ್ತವೆ. ಒಂದು ಮಾಡ್ ಅದರ ತೂಕವನ್ನಷ್ಟೇ ಇಳಿಸಿದೆ, ಇನ್ನೊಂದು ಬಲವನ್ನಷ್ಟೇ ಏರಿಸಿದೆ ಎನ್ನೋಣ. ಇಬ್ಬರ ಉದ್ದೇಶಕ್ಕೂ ವಿರೋಧವಿಲ್ಲ. ಆದರೆ ಆಟ ಎರಡನ್ನೂ ಕೂಡಿಸುವುದಿಲ್ಲ. ಕೊನೆಗೆ ಬಂದ ಪ್ಲಗಿನ್‌ನ ರೆಕಾರ್ಡನ್ನು ಇಡಿಯಾಗಿ ಸ್ವೀಕರಿಸುತ್ತದೆ. ಎರಡನೆಯವರು ತೂಕದ ಗೊಡವೆಗೇ ಹೋಗಿರದಿದ್ದರೂ ಅವರ ಕಡತದಲ್ಲಿರುವ ಹಳೆಯ ತೂಕವೇ ಮೊದಲನೆಯವರ ಕೆಲಸವನ್ನು ಅಳಿಸುತ್ತದೆ. ಯಾರು ಕೊನೆಗೆ ಬರುತ್ತಾರೆ ಎಂಬುದನ್ನು ಮಾರೋವಿಂಡ್‌ನಲ್ಲೂ ಅದರ ಮುಂದಿನ ಆಟವಾದ 2006ರ ಆಬ್ಲಿವಿಯನ್‌ನಲ್ಲೂ ಕಡತದ ತಾರೀಖು ನಿರ್ಧರಿಸುತ್ತಿತ್ತು. ಹೀಗಾಗಿ ಆ ಕಾಲದ ಸಲಕರಣೆಗಳು ಕಡತಗಳ ತಾರೀಖುಗಳನ್ನೇ ತಿದ್ದಿ ಸಾಲು ಸರಿಪಡಿಸುತ್ತಿದ್ದವು. ಹಾಗೆ ತಿದ್ದದಿದ್ದರೆ ಮಾಡ್‌ಗಳು ಕೂಡಿ ಬಾಳುವುದು ಅವು ಹುಟ್ಟಿದ ಗಳಿಗೆಯ ಮೇಲೆ ನಿಂತಿತ್ತು. ಅದರಲ್ಲಿ ಯಾರ ವಿವೇಚನೆಯೂ ಇರಲಿಲ್ಲ.

ಚಿತ್ರ, ಸದ್ದುಗಳ ಕಡತಗಳದು ಇನ್ನೊಂದು ಬಗೆಯ ತಿಕ್ಕಾಟ. ಎರಡು ಮಾಡ್‌ಗಳು ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಚಿತ್ರವನ್ನು ತಂದರೆ ಹೊಸತು ಹಳೆಯದರ ಮೇಲೆ ಕೂರುತ್ತದೆ. ಬೆಥೆಸ್ಡಾದ ಸ್ಕೈರಿಮ್ ಆಟ ಬಂದ 2011ರ ಸುಮಾರಿಗೆ ಬಳಕೆಗೆ ಬಂದ ನೆಕ್ಸಸ್ ಮಾಡ್ ಮ್ಯಾನೇಜರ್, ಇಂಥ ಸಂದರ್ಭದಲ್ಲಿ ಹಳೆಯದರ ಮೇಲೆ ಬರೆಯಲೇ ಎಂದು ಕೇಳುತ್ತಿತ್ತು. ಹೌದು, ಎಲ್ಲಕ್ಕೂ ಹೌದು, ಬೇಡ, ಎಲ್ಲಕ್ಕೂ ಬೇಡ ಎಂಬ ಗುಂಡಿಗಳು ಎದುರಿಗೆ ಬರುತ್ತಿದ್ದವು. ಕೇಳಿದ್ದೇನೋ ಒಳ್ಳೆಯದೇ. ಆದರೆ ಪ್ರಶ್ನೆ ಮಾಡ್ ಸೇರಿಸುವ ಆ ಒಂದು ಗಳಿಗೆಯಲ್ಲಿ ಬಂದು ಮಾಯವಾಗುತ್ತಿತ್ತು. ಐವತ್ತು ಮಾಡ್‌ಗಳಾದ ಮೇಲೆ ಯಾವುದಕ್ಕೆ ಹೌದು ಎಂದಿದ್ದೆವು, ಯಾವುದಕ್ಕೆ ಬೇಡ ಎಂದಿದ್ದೆವು ಎಂಬುದು ನೆನಪಿನಲ್ಲಿ ಉಳಿಯುವುದು ಕಷ್ಟ. ಮನಸ್ಸು ಬದಲಿಸಬೇಕಾದರೆ ಮಾಡ್ ಅನ್ನೇ ತೆಗೆದು ಮತ್ತೆ ಹಾಕಬೇಕಿತ್ತು. ತೀರ್ಮಾನ ಮನುಷ್ಯನದೇ ಆಗಿದ್ದರೂ ಅದಕ್ಕೊಂದು ನೆಲೆ ಇರಲಿಲ್ಲ.

ಈ ಕೆಲಸವನ್ನು ಯಂತ್ರಕ್ಕೇ ಬಿಟ್ಟುಬಿಡಬಾರದೇ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಆಬ್ಲಿವಿಯನ್ ಕಾಲದ ರೈ ಬ್ಯಾಶ್ ಎಂಬ ಸಲಕರಣೆ ಅದನ್ನೇ ಪ್ರಯತ್ನಿಸಿತು, ಅದರ ಅನುಭವವೇ ಉತ್ತರವನ್ನೂ ಕೊಡುತ್ತದೆ. ಆಟಗಾರನ ಮಟ್ಟಕ್ಕೆ ತಕ್ಕಂತೆ ಯಾವ ಆಯುಧ, ಯಾವ ಪ್ರಾಣಿ ಎದುರಾಗಬೇಕೆಂದು ಹೇಳುವ ಪಟ್ಟಿಗಳು ಈ ಆಟದಲ್ಲಿವೆ. ಎರಡು ಮಾಡ್‌ಗಳು ಒಂದೇ ಪಟ್ಟಿಗೆ ಒಂದೊಂದು ಕತ್ತಿ ಸೇರಿಸಿದರೆ ಕೊನೆಯದು ಮಾತ್ರ ಉಳಿಯುತ್ತಿತ್ತು. ರೈ ಬ್ಯಾಶ್ ಎಲ್ಲ ಪಟ್ಟಿಗಳನ್ನೂ ಓದಿ, ಎರಡೂ ಕತ್ತಿಗಳಿರುವ ಹೊಸ ಪಟ್ಟಿಯನ್ನು ಬ್ಯಾಶ್ಡ್ ಪ್ಯಾಚ್ ಎಂಬ ಪ್ಲಗಿನ್‌ನಲ್ಲಿ ಬರೆದಿಟ್ಟಿತು. ಕೂಡಿಸುವುದು ಸುಲಭವಾಯಿತು, ಕಳೆಯುವಲ್ಲಿ ಯಂತ್ರ ಸೋತಿತು. ಒಂದು ಮಾಡ್‌ನ ಪಟ್ಟಿಯಲ್ಲಿ ಒಂದು ವಸ್ತು ಇಲ್ಲವೆಂದರೆ ಅದನ್ನು ಬೇಕೆಂದೇ ತೆಗೆದದ್ದೋ, ಅಥವಾ ಅದು ಬೇರೊಂದು ಮಾಡ್ ತಂದ ವಸ್ತುವಾದ್ದರಿಂದ ಇಲ್ಲಿ ಇಲ್ಲವೋ? ಕಡತವನ್ನಷ್ಟೇ ನೋಡಿ ಇದನ್ನು ತಿಳಿಯಲು ಬರುವುದಿಲ್ಲ. ಅದಕ್ಕಾಗಿ ಡಿಲೆವ್, ರಿಲೆವ್ ಎಂಬಂಥ ಟ್ಯಾಗ್‌ಗಳು ಹುಟ್ಟಿಕೊಂಡವು. ಡಿಲೆವ್ ಎಂದರೆ ನಾನು ತೆಗೆದದ್ದು ಉದ್ದೇಶಪೂರ್ವಕ ಎಂಬ ಘೋಷಣೆ. ಲೆಕ್ಕ ಯಂತ್ರದ್ದು, ಉದ್ದೇಶವನ್ನು ಮಾತ್ರ ಮನುಷ್ಯರೇ ಹೇಳಬೇಕಾಯಿತು.

ಸಾಲು ಜೋಡಿಸುವ ಸಲಕರಣೆಗಳ ಕಥೆಯೂ ಇದೇ. ಆಬ್ಲಿವಿಯನ್‌ನಲ್ಲಿ ಹಲವು ಬೃಹತ್ ಮಾಡ್‌ಗಳನ್ನು ಒಂದಾಗಿಸಿದ ಎಫ್‌ಸಿಒಎಂ ಎಂಬ ಜೋಡಣೆಯಿತ್ತು; ಅದನ್ನು ಸರಿಯಾದ ಕ್ರಮದಲ್ಲಿ ಇಡಲು ಹುಟ್ಟಿದ ಸಹಾಯಕ ತಂತ್ರಾಂಶವೇ ಬೆಳೆದು ಬಾಸ್ ಆಯಿತು. ಸ್ವಯಂಸೇವಕರು ಒಂದೊಂದಾಗಿ ಪರಿಶೀಲಿಸಿ ಬರೆದ ಪಟ್ಟಿಯ ಪ್ರಕಾರ ಅದು ಪ್ಲಗಿನ್‌ಗಳನ್ನು ಜೋಡಿಸುತ್ತಿತ್ತು. ಅದರ ಜಾಗಕ್ಕೆ ಬಂದ ಲೂಟ್ ಎಂಬ ಸಲಕರಣೆ ಮಾಡ್‌ಗಳ ನಡುವಿನ ಅವಲಂಬನೆಗಳನ್ನೂ ಜನ ಬರೆದ ನಿಯಮಗಳನ್ನೂ ಒಟ್ಟುಗೂಡಿಸಿ ಕ್ರಮವನ್ನು ಲೆಕ್ಕಹಾಕುತ್ತದೆ. ಹೆಚ್ಚು ರೆಕಾರ್ಡ್ ಬದಲಿಸುವ ಮಾಡ್ ಮೊದಲು, ಕಡಿಮೆ ಬದಲಿಸುವುದು ನಂತರ ಎಂಬ ಊಹೆಯನ್ನೂ ಬಳಸುತ್ತದೆ. ಸಣ್ಣ ಮಾಡ್‌ನ ಕೆಲಸ ದೊಡ್ಡದರಡಿ ಹೂತುಹೋಗದಿರಲಿ ಎಂಬುದು ಇದರ ಹಿಂದಿನ ಕಳಕಳಿ. ಅನೇಕರಿಗೆ ಇಷ್ಟೇ ಸಾಕಾಗುತ್ತದೆ ಎಂಬುದನ್ನು ಒಪ್ಪಬೇಕು. ಆದರೂ ನಮ್ಮ ಕತ್ತಿಗೆ ಇದರಿಂದ ಪರಿಹಾರವಿಲ್ಲ. ಯಾವ ಸಾಲಿನಲ್ಲಿಟ್ಟರೂ ಒಂದು ಮಾಡ್ ಗೆದ್ದು ಇನ್ನೊಂದು ಸೋಲುತ್ತದೆ; ತೂಕ, ಬಲ ಎರಡೂ ಉಳಿಯಬೇಕಾದರೆ ಎರಡನ್ನೂ ಕೂಡಿಸುವ ಪ್ಯಾಚ್ ಎಂಬ ಮೂರನೆಯ ಪ್ಲಗಿನ್ ಬರೆಯಬೇಕು.

ಅಂಥ ಪ್ಯಾಚ್ ಬರೆಯಲು ನೆರವಾದದ್ದು ಟೆಸ್4ಎಡಿಟ್‌ನಿಂದ ಬೆಳೆದ ಎಕ್ಸ್‌ಎಡಿಟ್. ಅದರಲ್ಲಿ ಕತ್ತಿಯ ರೆಕಾರ್ಡ್ ತೆರೆದರೆ ಎಡಗಡೆ ಮೂಲ ಆಟದ ಕಂಬಸಾಲು, ಅದರ ಬಲಕ್ಕೆ ಒಂದೊಂದು ಮಾಡ್‌ಗೆ ಒಂದೊಂದು. ತೂಕದ ಅಡ್ಡಸಾಲಿನಲ್ಲಿ ಎಲ್ಲರ ತೂಕ, ಬಲದ ಅಡ್ಡಸಾಲಿನಲ್ಲಿ ಎಲ್ಲರ ಬಲ. ತಕರಾರಿರುವ ಕಡೆ ಕೆಂಪು ಹಿನ್ನೆಲೆ. ಹಳಗನ್ನಡ ಕಾವ್ಯವೊಂದರ ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಾಂತರ ಗುರುತಿಸುವ ಗ್ರಂಥಸಂಪಾದಕರ ಕೆಲಸವೇ ಇದು. ಪ್ರತಿಗಳನ್ನು ಹೋಲಿಸದೆ ಯಾವ ಪಾಠವನ್ನೂ ಒಪ್ಪಲಾಗದು. ಹೋಲಿಸಿದ ಮೇಲೆ ಆಯ್ಕೆಯ ಹೊಣೆ ಸಂಪಾದಕರದೇ. ಎಕ್ಸ್‌ಎಡಿಟ್ ಬಂದ ಮೇಲೆ ತಿಕ್ಕಾಟ ಎಂಬುದು ಆಟ ಕುಸಿದುಬಿದ್ದಾಗ ಊಹಿಸುವ ರೋಗವಾಗಿ ಉಳಿಯಲಿಲ್ಲ, ಓದಬಹುದಾದ ಪಠ್ಯವಾಯಿತು.

ಕಡತಗಳ ತಿಕ್ಕಾಟಕ್ಕೆ ಇದೇ ಬೆಳಕು ಮಾಡ್ ಆರ್ಗನೈಸರ್‌ನಿಂದ ಬಂತು. ಅದು ಪ್ರತಿ ಮಾಡ್‌ಗೂ ಬೇರೆ ಫೋಲ್ಡರ್ ಕೊಟ್ಟು, ಆಟ ನಡೆಯುವಾಗ ಮಾತ್ರ ಅವೆಲ್ಲ ಒಂದೆಡೆ ಇರುವಂತೆ ಆಟಕ್ಕೆ ತೋರಿಸುತ್ತದೆ. ಯಾವ ಕಡತವೂ ಅಳಿಯುವುದಿಲ್ಲ, ಕ್ರಮ ಬದಲಿಸಿದರೆ ಸೋತದ್ದು ಮತ್ತೆ ಗೆಲ್ಲುತ್ತದೆ. ಅದನ್ನು ಬರೆದವರನ್ನೇ ಮಾಡ್ ಹಂಚುವ ಜಾಲತಾಣವಾದ ನೆಕ್ಸಸ್ ಮಾಡ್ಸ್ ಕೆಲಸಕ್ಕೆ ಸೇರಿಸಿಕೊಂಡಿತು. 2018ರಲ್ಲಿ ಅವರ ವೋರ್ಟೆಕ್ಸ್ ಎಂಬ ಮಾಡ್ ಮ್ಯಾನೇಜರ್ ಬಳಕೆಗೆ ಬಂತು. ಎರಡು ಮಾಡ್‌ಗಳು ಡಿಕ್ಕಿ ಹೊಡೆದರೆ ವೋರ್ಟೆಕ್ಸ್ ಮಿಂಚಿನ ಗುರುತು ತೋರಿಸುತ್ತದೆ. ಇದು ಅದಕ್ಕಿಂತ ಮೊದಲೋ ನಂತರವೋ ಎಂದು ಆಟಗಾರ ನಿಯಮ ಬರೆಯುತ್ತಾನೆ. ನಿಯಮಗಳು ಸುತ್ತು ಬಿದ್ದರೆ, ಅಂದರೆ ಮೊದಲನೆಯದು ಎರಡನೆಯದರ ನಂತರ, ಎರಡನೆಯದು ಮೂರನೆಯದರ ನಂತರ, ಮೂರನೆಯದು ಮತ್ತೆ ಮೊದಲನೆಯದರ ನಂತರ ಎಂದಾದರೆ, ತಂತ್ರಾಂಶ ತಾನೇ ಒಂದನ್ನು ಮುರಿಯುವುದಿಲ್ಲ. ಸುತ್ತನ್ನು ಎದುರಿಗಿಟ್ಟು, ಬಿಡಿಸು ಎನ್ನುತ್ತದೆ.

ಕೊನೆಯ ಆಕ್ಷೇಪವೇ ಬಲವಾದದ್ದು. ಎಲ್ಲರಿಗೂ ಇಷ್ಟು ವ್ಯವಧಾನವಿಲ್ಲ. ಬಲ್ಲವರು ಜೋಡಿಸಿಟ್ಟ ಮಾಡ್‌ಗಳ ಕಟ್ಟನ್ನು ಒಂದೇ ಸಲಕ್ಕೆ ಇಳಿಸಿಕೊಂಡರೆ ಸಾಲದೇ? ನೆಕ್ಸಸ್ ತಂದ ಕಲೆಕ್ಷನ್ಸ್ ಈ ಅಗತ್ಯವನ್ನು ಪೂರೈಸಿತು, ಹೊಸಬರಿಗೆ ಬಾಗಿಲು ತೆರೆಯಿತು. ಆದರೆ ಕಟ್ಟಿನೊಳಗಿರುವುದೂ ಒಬ್ಬರು ಕೂತು ಬರೆದ ನಿಯಮಗಳೇ. ತೀರ್ಮಾನದ ಹೊಣೆ ಕೈ ಬದಲಾಯಿತೇ ಹೊರತು ಇಲ್ಲವಾಗಲಿಲ್ಲ. ಕಟ್ಟಿನ ಒಂದು ಮಾಡ್ ಅಳಿಸಿಹೋದರೆ ಇಡೀ ಜೋಡಣೆ ಸಡಿಲವಾಗುತ್ತದೆಂದು, ಕಡತಗಳನ್ನು ಇನ್ನು ಮುಂದೆ ಪೂರ್ತಿ ಅಳಿಸಲಾಗದು, ಸಂಗ್ರಹದಲ್ಲಿ ಉಳಿಸಲಾಗುವುದು ಎಂದು 2021ರಲ್ಲಿ ನೆಕ್ಸಸ್ ಪ್ರಕಟಿಸಿತು. ತಮ್ಮ ಕೃತಿಯ ಮೇಲಿನ ಹಕ್ಕು ಹೋಯಿತೆಂದು ನೊಂದ ಕೆಲವು ಮಾಡ್ ಲೇಖಕರು ಆ ನಿಯಮ ಜಾರಿಗೆ ಬರುವ ಮುನ್ನವೇ ತಮ್ಮ ಕಡತಗಳನ್ನು ತೆಗೆದು ಹೊರನಡೆದರು. ಜೋಡಿಸುವವರ ಹಿತ, ಸೃಷ್ಟಿಸಿದವರ ಹಕ್ಕು ಎರಡೂ ನ್ಯಾಯವಾದವೇ. ಕಡತಗಳ ನಡುವಿನ ತಿಕ್ಕಾಟ ಆಗ ಮನುಷ್ಯರ ನಡುವೆಯೇ ಕಾಣಿಸಿಕೊಂಡಿತು.

ಆದ್ದರಿಂದ ಒಳ್ಳೆಯ ಮಾಡ್ ಮ್ಯಾನೇಜರ್ ಯಾವುದು ಎಂಬುದಕ್ಕೆ ಈ ಚರಿತ್ರೆಯೇ ಅಳತೆಗೋಲು ಕೊಡುತ್ತದೆ. ಮೂಲವನ್ನು ಅದು ಕೆಡಿಸಬಾರದು; ಯಾರು ಯಾರನ್ನು ಮೀರಿದ್ದಾರೆ ಎಂಬುದನ್ನು ತೋರಿಸಬೇಕು; ಮಾಡಿದ ತೀರ್ಮಾನವನ್ನು ಬರೆದಿಟ್ಟು, ನಾಳೆ ಬದಲಿಸಲು ಅವಕಾಶ ಕೊಡಬೇಕು. ಗಣಕ ಇನ್ನಷ್ಟು ಜಾಣವಾಗಿ ಬಹುಪಾಲು ಜೋಡಣೆಯನ್ನು ತಾನೇ ಮಾಡಿದರೂ ಈ ಮೂರು ಬೇಡಿಕೆಗಳು ಸಡಿಲವಾಗಬಾರದು. ಪರಸ್ಪರ ಪರಿಚಯವಿಲ್ಲದ ನೂರಾರು ಜನರ ಬಿಡುವಿನ ವೇಳೆಯ ದುಡಿಮೆ ಅಲ್ಲಿದೆ. ಅದರಲ್ಲಿ ಯಾವುದನ್ನು ಉಳಿಸಿದೆವು, ಯಾವುದನ್ನು ಬಿಟ್ಟೆವು ಎಂಬುದನ್ನು ತಿಳಿದು ನಿರ್ಧರಿಸುವುದೇ ಆ ದುಡಿಮೆಗೆ ನಾವು ಸಲ್ಲಿಸಬಹುದಾದ ಗೌರವ.