ಲಾರಿಯ ನೆತ್ತಿಯ ಮೇಲೊಂದು ಆಂಟೆನಾ

ತಾರಸಿಯ ಮೇಲಿನ ಟಿ.ವಿ. ಡಿಶ್ ಸ್ವಲ್ಪ ವಾಲಿದರೂ ಚಿತ್ರ ಮಾಯವಾಗುವುದನ್ನು ನೀವು ನೋಡಿರಬಹುದು. ಹೀಗಿರುವಾಗ, ತಿರುವುಗಳಲ್ಲಿ ಸುತ್ತುತ್ತ, ಹೊಂಡಗಳಲ್ಲಿ ಕುಲುಕುತ್ತ ಓಡುವ ಲಾರಿಯೊಂದು 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹದೊಡನೆ ಸಂಪರ್ಕ ಇಟ್ಟುಕೊಳ್ಳುವುದು ಹೇಗೆ?

ಈ ಪ್ರಶ್ನೆ ಮೊದಲು ಎದುರಾದದ್ದು ಹಡಗುಗಳಿಗೆ. 1976ರಲ್ಲಿ ಮಾರಿಸ್ಯಾಟ್ ಉಪಗ್ರಹಗಳು ಕಕ್ಷೆ ಸೇರಿದಾಗ, ಸುಮಾರು 1.2 ಮೀಟರ್ ವ್ಯಾಸದ ಡಿಶ್ಶನ್ನು ಅಲುಗದ ಪೀಠದ ಮೇಲೆ ನಿಲ್ಲಿಸಿ, ಗುಮ್ಮಟ ಮುಚ್ಚಿ ಹಡಗಿನ ಮೇಲೆ ಕೂರಿಸಲಾಯಿತು. ಹಡಗಿನಲ್ಲಿ ಜಾಗಕ್ಕೇನು ಬರ? ಕಾರಿನ ಚಾವಣಿಯಲ್ಲಿ ಅದು ನಡೆಯದು.

ಡಿಶ್ಶನ್ನು ಚಿಕ್ಕದು ಮಾಡಿದರಾಗದೆ ಎಂದು ನೀವು ಕೇಳಬಹುದು. ಒಂದು ಲೆಕ್ಕ ಮಾಡಿ ನೋಡಿ. ಆಂಟೆನಾದ ಕಿರಣಪುಂಜದ ಅಗಲ, ಡಿಗ್ರಿಗಳಲ್ಲಿ, ಅಂದಾಜು 70 × ತರಂಗಾಂತರ ÷ ವ್ಯಾಸ. 1.6 ಗಿಗಾಹರ್ಟ್ಸ್‌ನಲ್ಲಿ ತರಂಗಾಂತರ 19 ಸೆಂ.ಮೀ. ಆದ್ದರಿಂದ 1.2 ಮೀಟರ್ ಡಿಶ್ಶಿಗೆ 11 ಡಿಗ್ರಿ, 40 ಸೆಂ.ಮೀ. ಡಿಶ್ಶಿಗೆ 33 ಡಿಗ್ರಿ. ಗುರಿ ಹಿಡಿಯುವುದು ಸುಲಭವಾಯಿತು, ನಿಜ. ಆದರೆ ವಿಸ್ತೀರ್ಣ ಒಂಬತ್ತನೆಯ ಒಂದು ಪಾಲಿಗೆ ಇಳಿದು ಸಂಕೇತ ಸೊರಗಿತು. 14 ಗಿಗಾಹರ್ಟ್ಸ್‌ಗೆ ಏರಿದರೆ 15 ಸೆಂ.ಮೀ. ಆಂಟೆನಾಕ್ಕೇ 10 ಡಿಗ್ರಿಯ ಪುಂಜ ಸಿಗುತ್ತದೆ. ಅಲ್ಲಿ ಬೇರೆ ತೊಡಕು: ಅಮೆರಿಕದಲ್ಲಿ 1983ರಿಂದ ಉಪಗ್ರಹಗಳ ನಡುವಣ ಅಂತರ 2 ಡಿಗ್ರಿ ಎಂದು ನಿಗದಿಯಾಗಿತ್ತು. 10 ಡಿಗ್ರಿ ಹರಡಿದ ಪುಂಜ ಅಕ್ಕಪಕ್ಕದ ಉಪಗ್ರಹಗಳ ಕಿವಿಯನ್ನೂ ತುಂಬುತ್ತದೆ.

1988ರಲ್ಲಿ ಕ್ವಾಲ್‌ಕಾಮ್ ಸಂಸ್ಥೆಯ ಓಮ್ನಿಟ್ರ್ಯಾಕ್ಸ್ ಇದನ್ನು ಜಾಣತನದಿಂದ ದಾಟಿತು. ಪುಟ್ಟ ಗುಮ್ಮಟದೊಳಗಿನ ಆಂಟೆನಾವನ್ನು ಮೋಟಾರು ದಿಗಂತಕ್ಕೆ ಸಮಾಂತರವಾಗಿ ಮಾತ್ರ ತಿರುಗಿಸುತ್ತಿತ್ತು. ಮೇಲೆ-ಕೆಳಗೆ ಪುಂಜ ಸಾಕಷ್ಟು ಅಗಲವಿದ್ದುದರಿಂದ ವಾಲಿಸುವ ಗೋಜಿರಲಿಲ್ಲ. ಸಂಕೇತವನ್ನು ವಿಶಾಲ ಆವೃತ್ತಿಪಟ್ಟಿಯಲ್ಲಿ ತೆಳುವಾಗಿ ಹರಡಿದ್ದರಿಂದ ನೆರೆಯ ಉಪಗ್ರಹಗಳಿಗೆ ಅದು ಕೇಳಿಸದಷ್ಟು ಕ್ಷೀಣ. ಬೆಲೆ ತೆತ್ತದ್ದು ವೇಗದಲ್ಲಿ: ಲಾರಿಯಿಂದ ಸೆಕೆಂಡಿಗೆ 55ರಿಂದ 165 ಬಿಟ್. ಅಕ್ಷರಕ್ಕೆ 8 ಬಿಟ್ ಎಂದರೆ, ಕಡಿಮೆ ವೇಗದಲ್ಲಿ ಸೆಕೆಂಡಿಗೆ ಏಳಕ್ಷರವೂ ಇಲ್ಲ. ‘ಸರಕು ತಲುಪಿತು’ ಎನ್ನಲು ಅಷ್ಟು ಸಾಕಾಗಿತ್ತು.

ಮಾತನಾಡಬೇಕೆಂದರೆ ಸಾಲದು. ಅದೇ ದಶಕದಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ, ಕಾರಿನಿಂದ ಧ್ವನಿ ಕಳಿಸುವ ಎಂಸ್ಯಾಟ್-ಎಕ್ಸ್ ಪ್ರಯೋಗಗಳನ್ನು ನಡೆಸಿತು. ಅದಕ್ಕೆ ಒದಗಿದ್ದು ಮೈಕ್ರೋಸ್ಟ್ರಿಪ್ ತೇಪೆ, ಅಂದರೆ ವಿದ್ಯುನ್ನಿರೋಧಕ ಹಲಗೆಯ ಮೇಲಿನ ತಾಮ್ರದ ತುಂಡು. 1953ರಲ್ಲಿ ಡೆಶಾಂಪ್ಸ್ ಸೂಚಿಸಿದ ಈ ವಿಚಾರಕ್ಕೆ 1970ರ ದಶಕದಲ್ಲಿ ಮನ್ಸನ್ ಮೊದಲಾದವರು ಬಳಕೆಯ ರೂಪ ಕೊಟ್ಟಿದ್ದರು. ಇಂಥ ಹಲವು ತೇಪೆಗಳನ್ನು ಚಾವಣಿಗೆ ಅಂಟಿಸಿ, ಪ್ರತಿಯೊಂದರ ಪ್ರಾವಸ್ಥೆಯನ್ನು ಬದಲಿಸಿದರೆ, ಏನನ್ನೂ ಅಲುಗಿಸದೆ ಪುಂಜವನ್ನು ತಿರುಗಿಸಬಹುದು. ಇದೇ ಫೇಸ್ಡ್ ಅರೇ.

ಕೇಳಲು ಸೊಗಸು. ಆದರೆ ಉಪಗ್ರಹ ದಿಗಂತದಿಂದ 20 ಡಿಗ್ರಿ ಮೇಲಿದ್ದರೆ, ಮಲಗಿರುವ ಹಲಗೆ ಅದಕ್ಕೆ ಎಷ್ಟು ಕಾಣುತ್ತದೆ? ಸೈನ್ 20 = 0.34, ಮೂರನೆಯ ಒಂದು ಪಾಲು ಮಾತ್ರ. ಜೊತೆಗೆ ಪ್ರಾವಸ್ಥೆ ಬದಲಿಸುವ ಬಿಡಿಭಾಗಗಳು ಶಕ್ತಿಯನ್ನೂ ಹಣವನ್ನೂ ನುಂಗುತ್ತಿದ್ದವು. ತೇಪೆಗಳನ್ನು ಓರೆಯಾಗಿ ನಿಲ್ಲಿಸಿ ಮೋಟಾರಿನಿಂದ ತಿರುಗಿಸಿದರೆ ಅಗ್ಗ, ಆದರೆ ಎತ್ತರ ಹೆಚ್ಚು.

ಇಲ್ಲಿ ಜಾನ್ ಹುವಾಂಗ್ ಹಳೆಯ ಯಾಗಿ ಆಂಟೆನಾವನ್ನು ನೆನೆದರು. ಅದೇ, ಒಂದು ಕಾಲಕ್ಕೆ ಊರ ಮನೆಗಳ ಮೇಲೆಲ್ಲ ಮೀನಿನ ಮುಳ್ಳಿನಂತೆ ನಿಂತಿದ್ದ ಟಿ.ವಿ. ಆಂಟೆನಾ. ಅದರಲ್ಲಿ ತಂತಿ ಸೇರದ ಸರಳುಗಳು ಅಲೆಯನ್ನು ಮುಂದಕ್ಕೆ ಎಳೆಯುವಂತೆ, ಇಲ್ಲಿ ಮುಂದಿನ ನಿಷ್ಕ್ರಿಯ ತೇಪೆಗಳು ಪುಂಜವನ್ನು ದಿಗಂತದತ್ತ ಬಾಗಿಸಿದವು. ಹಲಗೆ ಮಲಗಿಯೇ ಇತ್ತು! ಪ್ರತಿ ತೇಪೆಗೂ ಬಿಡಿಭಾಗ ಜೋಡಿಸುವುದಕ್ಕಿಂತ ಇದು ಹೆಚ್ಚು ಚೊಕ್ಕಟವಾದ ವಿನ್ಯಾಸವೆಂದೇ ನನ್ನ ಅನಿಸಿಕೆ.

ಆದರೂ ಕಾಲ ಒಲಿದದ್ದು ಫೇಸ್ಡ್ ಅರೇಗೆ. ಸಿಲಿಕಾನ್ ಚಿಪ್ಪುಗಳು ಅಗ್ಗವಾದ ಮೇಲೆ, 2022ರಲ್ಲಿ ಸ್ಟಾರ್‌ಲಿಂಕ್ ಓಡುವ ವಾಹನಗಳಿಗೆಂದೇ ಮೋಟಾರಿಲ್ಲದ ಚಪ್ಪಟೆ ಆಂಟೆನಾ ತಂದಿತು. ಸುಮಾರು 550 ಕಿ.ಮೀ. ಎತ್ತರದ ಉಪಗ್ರಹಗಳು ಕೆಲವೇ ನಿಮಿಷಗಳಲ್ಲಿ ಆಕಾಶ ದಾಟುವುದರಿಂದ ಪುಂಜ ಒಂದರಿಂದ ಇನ್ನೊಂದಕ್ಕೆ ಥಟ್ಟನೆ ಜಿಗಿಯಬೇಕು. ಸೈನ್ 20ರ ಲೆಕ್ಕ ಮಾತ್ರ ಬದಲಾಗಿಲ್ಲ. ಉಪಗ್ರಹಗಳ ಸಂಖ್ಯೆ ಸಾವಿರಗಳಿಗೆ ಏರಿದ್ದರಿಂದ, ದಿಗಂತದ ಹತ್ತಿರ ಹುಡುಕದೆ ಮೇಲಿರುವ ಒಂದನ್ನು ಆರಿಸಿಕೊಳ್ಳಲು ಬರುತ್ತದೆ, ಅಷ್ಟೆ.