‘ಬೈ ಅಂಡ್ ಬೈ’: ‘ಕೂಡಲೇ’ ಎಂಬುದು ‘ಆಮೇಲೆ’ ಆದ ಬಗೆ

ಸ್ನಾನಿಕ ಯೋಹಾನನ ತಲೆಯನ್ನು ಹರಿವಾಣದಲ್ಲಿ ತರಿಸಿಕೊಡು ಎಂದು ಹೆರೋದಿಯಳ ಮಗಳು ಅರಸನನ್ನು ಕೇಳುವ ಪ್ರಸಂಗ ಮಾರ್ಕನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿದೆ. 1611ರ ಇಂಗ್ಲಿಷ್ ಬೈಬಲಿನಲ್ಲಿ ಆಕೆ ಅದನ್ನು ‘ಬೈ ಅಂಡ್ ಬೈ’ ಕೊಡು ಎನ್ನುತ್ತಾಳೆ. ಈಗಿನ ಇಂಗ್ಲಿಷಿನಲ್ಲಿ ಈ ನುಡಿಗಟ್ಟಿಗೆ ‘ಸ್ವಲ್ಪ ಹೊತ್ತಾದ ಮೇಲೆ’ ಎಂದರ್ಥ. ಹಾಗೆ ಓದಿಕೊಂಡರೆ, ಅವಸರದಿಂದ ಒಳಗೆ ಬಂದ ಹುಡುಗಿ ನಿಧಾನವಾಗಿ ಕೊಟ್ಟರೂ ಸರಿ ಎಂದಂತಾಗುತ್ತದೆ. ಗ್ರೀಕ್ ಮೂಲದ ಮಾತು ‘ಎಕ್ಸೌಟೆಸ್’, ಅಂದರೆ ಈ ಕ್ಷಣವೇ. ಅನುವಾದಕರು ಎಡವಿರಲಿಲ್ಲ. ‘ಕೂಡಲೇ’ ಎಂಬ ಅರ್ಥ ಅವರ ಕಾಲಕ್ಕೆ ಇನ್ನೂ ಬಳಕೆಯಲ್ಲಿತ್ತು.

ಅದಕ್ಕೂ ಹಿಂದೆ ಈ ಮಾತಿಗೂ ಕಾಲಕ್ಕೂ ನಂಟಿರಲಿಲ್ಲ. ‘ಬೈ’ ಎಂದರೆ ಪಕ್ಕ. 14ನೆಯ ಶತಮಾನದ ಚಾಸರ್ ಕವಿಯ ‘ನೈಟ್ಸ್ ಟೇಲ್’ನಲ್ಲಿ ಪಾಲಮನ್ ಮತ್ತು ಆರ್ಸೀಟ್ ಥೀಬ್ಸಿನ ಹೆಣಗಳ ರಾಶಿಯಲ್ಲಿ ಅರೆಜೀವವಾಗಿ ‘ಬೈ ಅಂಡ್ ಬೈ’ ಬಿದ್ದಿರುತ್ತಾರೆ, ಅಂದರೆ ಅಕ್ಕಪಕ್ಕದಲ್ಲಿ. ಒಂದರ ಪಕ್ಕ ಒಂದು, ಒಂದರ ಬೆನ್ನಿಗೆ ಒಂದು, ನಡುವೆ ತೆರಪಿಲ್ಲದೆ ಕೂಡಲೇ: ಅರ್ಥ ಸಾಗಿದ ದಾರಿ ಇದು. ಕನ್ನಡಿಗರಿಗೆ ಈ ದಾರಿ ಹೊಸದಲ್ಲ. ‘ಕೂಡು’ ಎಂಬುದರಿಂದ ‘ಕೂಡಲೇ’ ಬಂದಿದೆ. ಜೊತೆ ಎಂಬ ಅರ್ಥದ ‘ಒಡನೆ’ಯೇ ತಕ್ಷಣ ಎಂಬ ಅರ್ಥವನ್ನೂ ಕೊಡುತ್ತದೆ. ಸಂಬಂಧವೇ ಇಲ್ಲದ ಎರಡು ಭಾಷೆಗಳು ಜಾಗದ ಹತ್ತಿರವನ್ನು ಹೊತ್ತಿನ ಹತ್ತಿರವಾಗಿ ಕಂಡದ್ದು ನನಗೆ ಈ ಅಧ್ಯಯನದಲ್ಲಿ ಸಿಕ್ಕ ದೊಡ್ಡ ಸಂತೋಷ.

ಆದರೆ ನಮ್ಮ ‘ಕೂಡಲೇ’ ನಿಂತಲ್ಲಿಯೇ ನಿಂತಿತು, ಇಂಗ್ಲಿಷಿನ ಮಾತು ಜಾರಿತು. 16ನೆಯ ಶತಮಾನದಲ್ಲಿಯೇ ‘ಕೂಡಲೇ’, ‘ಇನ್ನೇನು’ ಎಂಬ ಎರಡೂ ಅರ್ಥಗಳು ಜೊತೆಯಾಗಿ ನಡೆದಿದ್ದವು. ‘ಹ್ಯಾಮ್ಲೆಟ್’ ನಾಟಕದ 3ನೆಯ ಅಂಕದಲ್ಲಿ, ತಾಯಿ ಕರೆಯುತ್ತಿದ್ದಾಳೆ ಎಂಬ ಸುದ್ದಿ ತಂದ ಪೊಲೋನಿಯಸನಿಗೆ ರಾಜಕುಮಾರ ಇದೇ ಮಾತಿನಿಂದ ಉತ್ತರಿಸಿ, ಹೀಗೆ ಹೇಳಿಬಿಡುವುದು ಸುಲಭ ಎಂದೂ ಸೇರಿಸುತ್ತಾನೆ. ಜಾರಿದ್ದಕ್ಕೆ ಕಾರಣ ಅಲ್ಲಿಯೇ ಇದೆ. ‘ಬಂದೆ, ಬಂದೆ’ ಎನ್ನುತ್ತ ಹೊಸ್ತಿಲು ದಾಟದವರು ಎಲ್ಲ ಊರಿನಲ್ಲೂ ಇದ್ದಾರೆ; ಕೇಳುವವರು ಕ್ರಮೇಣ ಮಾತನ್ನು ಬಿಟ್ಟು ನಡೆಯನ್ನು ನೋಡಿ ಅರ್ಥ ಕಟ್ಟಿಕೊಳ್ಳುತ್ತಾರೆ. ‘ಸೂನ್’, ‘ಅನಾನ್’ ಕೂಡ ಹಿಂದೆ ‘ಕೂಡಲೇ’ ಎಂಬರ್ಥದವೇ. ಅವೂ ಹೀಗೆಯೇ ತಡವಾದವು. 1868ರ ಅಮೆರಿಕದ ಕ್ರೈಸ್ತ ಗೀತೆ ‘ಇನ್ ದ ಸ್ವೀಟ್ ಬೈ ಅಂಡ್ ಬೈ’ಯಲ್ಲಂತೂ ಇದು ಸಾವಿನಾಚೆಯ ಕಾಲವಾಗಿಬಿಟ್ಟಿದೆ.

1611ರ ಹೊಸ ಒಡಂಬಡಿಕೆಯಲ್ಲಿ ಈ ನುಡಿಗಟ್ಟು ನಾಲ್ಕು ಕಡೆ ಬರುತ್ತದೆ. ಲೂಕನ 21ನೆಯ ಅಧ್ಯಾಯದಲ್ಲಿ ಅಪಾಯ ಹೆಚ್ಚು: ಅಂತ್ಯವು ಕೂಡಲೇ ಬರುವುದಿಲ್ಲ ಎಂಬ ಮಾತು ಇಂದಿನ ಓದಿಗೆ, ಅದು ಮುಂದೆಯೂ ಬರುವುದಿಲ್ಲ ಎಂದು ಕೇಳಿಸೀತು. 1881ರ ಪರಿಷ್ಕೃತ ಆವೃತ್ತಿ ನಾಲ್ಕು ಕಡೆಯೂ ಇದನ್ನು ತೆಗೆದು, ‘ತಕ್ಷಣ’ ಎಂದೇ ಅರ್ಥ ಕೊಡುವ ಬೇರೆ ಪದಗಳನ್ನು ಇಟ್ಟಿತು. ಹಳೆಯ ಇಂಗ್ಲಿಷ್ ಕೃತಿಗಳನ್ನು ಕನ್ನಡಕ್ಕೆ ತರುವವರು ಈ ಮಾತು ಎದುರಾದಾಗ, ‘ಆಮೇಲೆ’ ಎಂದು ಬರೆಯುವ ಮುನ್ನ ಆ ಕೃತಿಯ ಇಸವಿಯನ್ನು ದಯವಿಟ್ಟು ನೋಡಲಿ.